ಜೀನ್ಸ್ ನಗರಿಯಲ್ಲಿ ಅಳತೆ ಟೇಪಿನ ಪಾಡು

ಬಳ್ಳಾರಿಯಲ್ಲಿ ಇಂದು ಟೈ ಕಾಣಬೇಕಾದರೆ ಒಂದೋ ಶಾಲಾ ಮಕ್ಕಳ ಆಟೋಗಳತ್ತ ನೋಡಬೇಕು, ಇಲ್ಲವೇ ಮದುವೆಯ ಆರತಕ್ಷತೆಗೆ ಹೋಗಬೇಕು. ಮಕ್ಕಳದ್ದು ಎಲಾಸ್ಟಿಕ್ ಟೈ, ವರನದ್ದು ಬಾಡಿಗೆ ಸೂಟಿನೊಡನೆ ಬಂದದ್ದು. ಎರಡರಲ್ಲೂ ಗಂಟು ಮೊದಲೇ ಬಿದ್ದಿರುತ್ತದೆ. ಹೂವು, ಚುಕ್ಕಿ, ಓರೆಗೆರೆಗಳ ಅಗಲ ಟೈಗಳು ಎಪ್ಪತ್ತರ ದಶಕದ ಮದುವೆ ಫೋಟೋಗಳಲ್ಲಿ ಉಳಿದಿವೆ.

ಆ ಫೋಟೋಗಳ ಹಿಂದೆ ಇದ್ದುದು ಬೇರೆಯದೇ ಬಗೆಯ ವ್ಯಾಪಾರ. ಭತ್ತದ ಹಣ ಕೈಸೇರಿದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ಕುಟುಂಬಗಳು ಜವಳಿ ತೆಗೆಯಲು ಬಳ್ಳಾರಿಯ ಬೆಂಗಳೂರು ರಸ್ತೆಗೆ ಬರುತ್ತಿದ್ದವು. ಹಾಸಿದ ಗಾದಿಯ ಮೇಲೆ ತಾನುಗಳು ಉರುಳುತ್ತಿದ್ದವು. ಹಿರಿಯರು ಬಟ್ಟೆಯನ್ನು ಬೆರಳಲ್ಲಿ ತೀಡಿ ನೋಡಿದ ಮೇಲಷ್ಟೇ ಕತ್ತರಿ ಆಡುತ್ತಿತ್ತು. ನಂತರ ದರ್ಜಿಯ ಅಂಗಡಿ, ಅಳತೆ, ಬಟ್ಟೆಯ ತುಣುಕು ಪಿನ್ ಮಾಡಿದ ಚೀಟಿ. ಇದನ್ನು ನೆನೆದು ಹಂಬಲಿಸುವವರು, ಹೇಳಿದ ದಿನಕ್ಕೆ ಪ್ಯಾಂಟು ಸಿಗದೆ ಮುಹೂರ್ತದ ಬೆಳಿಗ್ಗೆ ದರ್ಜಿಯ ಬಾಗಿಲು ಬಡಿದುದನ್ನು ಮಾತ್ರ ಮರೆಯುತ್ತಾರೆ.

ವಿಪರ್ಯಾಸವೆಂದರೆ, ಅಳತೆಯ ಹೊಲಿಗೆ ಸೊರಗಿದ್ದು ಹೊಲಿಗೆಯಿಂದಲೇ ಬದುಕುವ ನಗರದಲ್ಲಿ. ಬ್ರಿಟಿಷರ ದಂಡಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ ಕುಟುಂಬಗಳ ಪರಂಪರೆಯಿಂದಲೇ ಬಳ್ಳಾರಿಯ ಜೀನ್ಸ್ ಉದ್ಯಮ ಬೆಳೆಯಿತು. ಆದರೆ ಜೀನ್ಸ್ ಘಟಕದಲ್ಲಿ ಜೇಬು ಹೊಲಿಯುವವರು ಒಬ್ಬರು, ಸೊಂಟಪಟ್ಟಿ ಕೂಡಿಸುವವರು ಇನ್ನೊಬ್ಬರು. ಕೂಲಿ ನಗಗಳ ಲೆಕ್ಕದಲ್ಲಿ. ತೊಡುವವನ ಮೈಯನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. 2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಕಾಂಗ್ರೆಸ್ ನಾಯಕ ರಾಹುಲ್ ಗಾಂಧಿ ಭರವಸೆ ನೀಡಿದ 5,000 ಕೋಟಿ ರೂ. ವೆಚ್ಚದ ಜೀನ್ಸ್ ಪಾರ್ಕ್ ಕೂಡ ಈ ಉದ್ಯಮಕ್ಕೆ ಸಂಬಂಧಿಸಿದ್ದೇ ಹೊರತು ಬಿಡಿ ದರ್ಜಿಗಳಿಗಲ್ಲ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ವೃತ್ತಿಯೂ ಸೇರಿದೆ. ಉಪಕರಣಕ್ಕೆ 15,000 ರೂ., ಶೇ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷ ರೂ.ವರೆಗೆ ಸಾಲ. ಯಂತ್ರಕ್ಕೆ ಇದು ಸಾಕಾದೀತು. ಗಿರಾಕಿಯನ್ನು ಯೋಜನೆ ತಂದುಕೊಡದು.

ಗಿರಾಕಿಯ ವಿಷಯದಲ್ಲಿ ಹೆಚ್ಚು ಪ್ರಭಾವ ಬೀರಬಲ್ಲದ್ದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಮೊದಲು ಶೇ 12 ತೆರಿಗೆಯಿದ್ದ 1,800 ರೂ. ಅಂಗಿ ಅಗ್ಗವಾಯಿತು. ಅಂದರೆ ನಿತ್ಯದ ಉಡುಪಿನಲ್ಲಿ ದರ್ಜಿಗೆ ಇನ್ನಷ್ಟು ಪೆಟ್ಟು. ಸೂಟಿನ ಮಾತು ಬೇರೆ. 6,000 ರೂ. ಸಿದ್ಧ ಸೂಟಿನ ಮೇಲಿನ ತೆರಿಗೆ 720 ರೂ.ಗಳಿಂದ 1,080ಕ್ಕೆ ಏರಿದೆ. ಅದೇ ತಾನಿನಿಂದ ಕತ್ತರಿಸಿದ ಬಟ್ಟೆಗೆ ಸಾಮಾನ್ಯವಾಗಿ ಶೇ 5 ಮಾತ್ರ. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ದರ್ಜಿಯ ಕೂಲಿಗೆ ತೆರಿಗೆಯೇ ಇಲ್ಲ.

ಹೀಗಾಗಿ ಸೂಟಿನ ಮಟ್ಟಿಗಾದರೂ ಹಳೆಯ ದಾರಿಯೇ ಈಗ ತೆರಿಗೆಯ ಲೆಕ್ಕದಲ್ಲಿ ಹಗುರ. ಆದರೆ ಕೋಟು ಕತ್ತರಿಸುವ ಕೆಲಸ ವರ್ಷಗಟ್ಟಲೆ ಮಾಸ್ತರರ ಪಕ್ಕದಲ್ಲಿ ನಿಂತು ಕಲಿಯುವಂಥದ್ದು; ನಗಕ್ಕಿಷ್ಟೆಂದು ವಾರಕ್ಕೊಮ್ಮೆ ಕೂಲಿ ಕೊಡುವ ಜೀನ್ಸ್ ಘಟಕ ಅದೇ ಬೀದಿಯಲ್ಲಿರುವಾಗ ಹಾಗೆ ನಿಲ್ಲಲು ಬರುವ ಹುಡುಗರು ವಿರಳ.