ಮಳಿಗೆಗೆ ಜಗಳ, ಮಾತ್ರೆಗೆ ಪರದಾಟ!



ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ನಾಟಕ ನೋಡಲು ಹೋಗುತ್ತೀರಲ್ಲ? ಮುಂದಿನ ಸಲ ಅಲ್ಲಿನ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಐದು ನಿಮಿಷ ನಿಲ್ಲಿ. ಸಕ್ಕರೆ ಕಾಯಿಲೆಗೆ ತಿಂಗಳ ಮಾತ್ರೆ ಕೇಳಿ, ಬೆಲೆ ಕೇಳಿದ ಮೇಲೆ 'ಹತ್ತು ದಿನದ್ದೇ ಸಾಕು' ಎನ್ನುವವರನ್ನು ಕಂಡೀರಿ.

ಅಂಥವರಿಗೆಂದೇ 2008ರಲ್ಲಿ ಕೇಂದ್ರ ಸರ್ಕಾರ ಜನೌಷಧಿ ಮಳಿಗೆ ಶುರುಮಾಡಿತು. ಅದೇ ಔಷಧಿ, ಅರ್ಧಕ್ಕೂ ಕಡಿಮೆ ಬೆಲೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ತನ್ನ ಆಸ್ಪತ್ರೆಗಳ ಆವರಣದಲ್ಲಿದ್ದ ಈ ಮಳಿಗೆಗಳನ್ನು ಮುಚ್ಚಲು ಆದೇಶಿಸಿತು. ಅದೇ ವರ್ಷ ಹೈಕೋರ್ಟ್ ತಡೆ ನೀಡಿತು. ಪುಕ್ಕಟೆ ಕೊಡುವ ಕಡೆ ಮಾರಾಟವೇಕೆ ಎಂಬುದು ಸರ್ಕಾರದ ವಾದ. ಸರಿಯೇ, ಪುಕ್ಕಟೆ ಔಷಧಿ ದಿನವೂ ಸಿಗುವುದಾದರೆ! 'ಸ್ಟಾಕ್ ಇಲ್ಲ' ಎಂದ ದಿನ ಬಡವ ಎಲ್ಲಿಗೆ ಹೋಗಬೇಕು? ದಿಲ್ಲಿ, ಬೆಂಗಳೂರಿನ ಹಗ್ಗಜಗ್ಗಾಟಕ್ಕೆ ರೋಗಿಯೇ ಹಗ್ಗವೇ?

ಮಳಿಗೆ ಉಳಿದರಷ್ಟೇ ಸಾಲದು. ವೈದ್ಯರು ಚೀಟಿಯಲ್ಲಿ ಕಂಪನಿಯ ಹೆಸರು ಬರೆದರೆ ಅಗ್ಗದ ಮಾತ್ರೆ ಕೈಗೆ ಬಾರದು. ಜೆನೆರಿಕ್ ಹೆಸರನ್ನೇ ಬರೆಯಬೇಕೆಂಬ ಹೊಸ ನಿಯಮ 2023ರ ಆಗಸ್ಟ್‌ನಲ್ಲಿ ಬಂದ ತಿಂಗಳಲ್ಲೇ ತಡೆಹಿಡಿಯಲ್ಪಟ್ಟಿತು.

ನೀವು ಓದಿದವರು. ಪಕ್ಕದ ಮನೆಯ ಅಜ್ಜಿಯ ಜೊತೆ ಒಮ್ಮೆ ಆಸ್ಪತ್ರೆಗೆ ಹೋಗಿ. 'ಜೆನೆರಿಕ್ ಹೆಸರು ಬರೆಯಿರಿ ಡಾಕ್ಟ್ರೇ, ಯಾವ ಮಾತ್ರೆ ಯಾವಾಗ ಎಂದು ಕನ್ನಡದಲ್ಲಿ ಬರೆದುಕೊಡಿ' ಎನ್ನಿ. ಇದು ಭಿಕ್ಷೆಯಲ್ಲ, ಹಕ್ಕು!