ಉಕುಲೇಲೆಗೆ ಮುಂಗಡ, ವೀಣೆಗೆ ಚೌಕಾಸಿ



ಈ ಬಾರಿಯ ಬರಹ ನಿಮ್ಮಲ್ಲಿ ಕೆಲವರಿಗೆ ಕಹಿಯೆನಿಸಬಹುದು. ತರಗತಿಯಲ್ಲಿ ನಾನು ಬೆತ್ತ ಹಿಡಿದವನಲ್ಲ. ಆದರೆ ಹೇಳಬೇಕಾದುದನ್ನು ನುಂಗಿಕೊಂಡವನೂ ಅಲ್ಲವೆಂಬುದು ನಿಮಗೆಲ್ಲ ತಿಳಿದೇ ಇದೆ.

ನಮ್ಮವರೇ ಆದ ಒಬ್ಬರು (ಹೆಸರು ಬೇಡ, ಓದಿದೊಡನೆ ಅವರಿಗೇ ತಿಳಿಯುತ್ತದೆ) ಅಮೆರಿಕದಲ್ಲಿ ನೆಲೆಸಿದ್ದಾರೆ. ಮಗಳಿಗಾಗಿ ಅಲ್ಲಿಯ ಒಬ್ಬ ಕುಶಲಕರ್ಮಿಯಿಂದ ಉಕುಲೇಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು ಮಾಡಿಸಿದರು. ಮಗುವಿನ ಬೆರಳಿನ ಅಳತೆ ಕೊಟ್ಟರು, ಮರವನ್ನು ತಾವೇ ಆರಿಸಿದರು, ಅರ್ಧ ಹಣವನ್ನು ಮೊದಲೇ ಕಟ್ಟಿದರು, ಹನ್ನೊಂದು ತಿಂಗಳು ಕಾದರು. ಬೆಲೆ ಎರಡು ಸಾವಿರ ಡಾಲರನ್ನು ದಾಟಿತ್ತು. ವಾದ್ಯದ ಒಳಗೆ ಮಾಡಿದವನು ಹಾಕಿದ ಸಹಿಯ ಛಾಯಾಚಿತ್ರವನ್ನು ನನಗೂ ಕಳುಹಿಸಿದರು. ನಾನು ನಿಜವಾಗಿಯೂ ಸಂತೋಷಪಟ್ಟೆ.

ಎರಡು ತಿಂಗಳು ಕಳೆದಿರಲಿಲ್ಲ. ಊರಿನಲ್ಲಿರುವ ತಮ್ಮ ತಾಯಿಗೆ ಒಂದು ವೀಣೆ ಬೇಕೆಂದು ಅದೇ ಮಹನೀಯರ ಕರೆ ಬಂದಿತು. "ಮೇಷ್ಟ್ರೇ, ಸಿಂಪಾಡಿಪುರದಲ್ಲಿ ನೇರವಾಗಿ ಕೊಂಡರೆ ಅಂಗಡಿಗಿಂತ ತುಂಬ ಅಗ್ಗವಂತೆ. ನೀವು ಹೋಗಿ ಮಾತಾಡಿದರೆ ಇನ್ನೂ ಇಳಿಸಿಯಾರು. ಬರುವ ಭಾನುವಾರ ತಮ್ಮ ಕಾರು ತರುತ್ತಾನೆ, ಅದರಲ್ಲೇ ಕಳುಹಿಸಿಬಿಡಿ" ಎಂದರು. ನಾನು ಆಗುವುದಿಲ್ಲ ಎಂದೆ. ಏಕೆಂಬುದನ್ನು ದೂರವಾಣಿಯಲ್ಲಿ ಹೇಳಿ ಮುಗಿಸಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದ ಹೆಸರನ್ನು ಕೇಳದವರು ನಿಮ್ಮಲ್ಲಿ ಅನೇಕರಿರಬಹುದು. ತಾಲ್ಲೂಕೆಂದರೆ ಮಗ್ಗದ ಸದ್ದು, ತೂಬಗೆರೆಯ ಹಲಸು ಎಂದಷ್ಟೇ ನೆನೆಯುವವರೇ ಹೆಚ್ಚು. ಆದರೆ ಈ ಚಿಕ್ಕ ಊರಿನ ಕೆಲವು ಕುಟುಂಬಗಳು ದಶಕಗಳಿಂದ ವೀಣೆ ಮಾಡುತ್ತ ಬಂದಿವೆ. ಈ ಕಸುಬನ್ನು ಊರಿಗೆ ತಂದು ಉಳಿದವರಿಗೂ ಕಲಿಸಿದ ಹಿರಿಯರೆಂದು ಪೆನ್ನ ಓಬಳಯ್ಯನವರ ಹೆಸರನ್ನು ಪತ್ರಿಕೆಗಳು ಬರೆದಿವೆ. ಅಷ್ಟು ಬಿಟ್ಟರೆ ಅಲ್ಲಿ ಉಳಿ ಹಿಡಿದು ಕುಳಿತವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಹಳ್ಳಿಯಲ್ಲಿ ರೂಪುಗೊಂಡ ವಾದ್ಯ ಅನೇಕ ವೇಳೆ ನಗರಕ್ಕೆ ಹೋಗಿ, ಅಂಗಡಿಯ ಹೆಸರು ಹೊತ್ತು, ವಿದ್ವಾಂಸರ ತೊಡೆಯನ್ನೇರುತ್ತದೆ. ನಮ್ಮ ನಾಡಿನಲ್ಲಿ ವೀಣೆ ನುಡಿಸಿದವರಿಗೆ ವಾದ್ಯದ ಹೆಸರೇ ಬಿರುದಾಯಿತು. ಮೈಸೂರಿನ ವೀಣೆ ಶೇಷಣ್ಣನವರನ್ನು (1852–1926) ಬರಿದೆ ಶೇಷಣ್ಣ ಎಂದು ಕರೆಯುವವರಿಲ್ಲ. ಅದನ್ನು ಕೊರೆದವನ ಹೆಸರಿನ ಹಿಂದೆ ಮಾತ್ರ ಏನೂ ಸೇರಲಿಲ್ಲ. ಎಷ್ಟೋ ಸಲ ಹೆಸರೇ ಉಳಿಯಲಿಲ್ಲ.

ಉಕುಲೇಲೆಯ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1879ರಲ್ಲಿ ‘ರೇವನ್ಸ್‌ಕ್ರಾಗ್’ ಎಂಬ ಹಡಗು ಪೋರ್ಚುಗೀಸರ ಮಡೀರಾ ದ್ವೀಪದಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಯಾಳುಗಳನ್ನು ಹೊತ್ತು ತಂದಿತು. ಅದರಲ್ಲಿ ಮೂವರು ಮರಗೆಲಸದವರಿದ್ದರು: ಮ್ಯಾನುಯೆಲ್ ನೂನೆಸ್, ಅಗಸ್ಟೊ ಡಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ. ತಮ್ಮ ದ್ವೀಪದ ಪುಟ್ಟ ವಾದ್ಯವನ್ನು ಅಲ್ಲಿಯ ಕೋವಾ ಮರದಲ್ಲಿ ಮಾಡತೊಡಗಿದರು. ದೊರೆ ಕಲಾಕೌವ ಅದನ್ನು ಅರಮನೆಗೆ ಬರಮಾಡಿಕೊಂಡ. ದುಡಿಮೆಗೆಂದು ಹಡಗೇರಿದ ಬಡಗಿಗಳ ಹೆಸರುಗಳು ಇಂದಿಗೂ ಪುಸ್ತಕಗಳಲ್ಲಿವೆ. ಅಲ್ಲಿ ಮಾಡಿದವನಿಗೂ ಹೆಸರಿದೆ. ಆದ್ದರಿಂದ ಅವನಿಗೆ ಸಹಿ ಇದೆ. ಆದ್ದರಿಂದಲೇ ಅವನೊಡನೆ ಚೌಕಾಸಿ ಮಾಡಲು ನಮಗೆ ನಾಚಿಕೆಯಾಗುತ್ತದೆ.

ಈಗ ಕೆಲಸದ ಮಾತಿಗೆ ಬರೋಣ. ಪ್ರೌಢಶಾಲೆಯಲ್ಲಿ ನಾನು ಸೋನೋಮೀಟರ್ ತೋರಿಸಿದ್ದು ಕೆಲವರಿಗಾದರೂ ನೆನಪಿರಬೇಕು: ಬಿಗಿತ ಹಾಗೆಯೇ ಇದ್ದು ತಂತಿಯ ಉದ್ದ ಅರ್ಧವಾದರೆ ಕಂಪನಾಂಕ ಇಮ್ಮಡಿಯಾಗುತ್ತದೆ. ಉಕುಲೇಲೆಯ ಮೆಟ್ಟಿಲುಗಳನ್ನು ಈ ನಿಯಮವನ್ನೇ ಹಿಗ್ಗಿಸಿ ಲೆಕ್ಕ ಹಾಕಿ ಕೂರಿಸುತ್ತಾರೆ. ಒಂದೊಂದು ಮೆಟ್ಟಿಲಿಗೆ ಕಂಪನಾಂಕ ಸುಮಾರು 1.0595 ಪಟ್ಟು ಏರುತ್ತದೆ. ಲೆಕ್ಕ ಬಂದರೆ ಯಂತ್ರವೂ ಗೀರು ಹಾಕಬಲ್ಲದು. ವೀಣೆಯ ರೀತಿ ಬೇರೆ. ದಂಡಿಯ ಉದ್ದಕ್ಕೂ ಜೇನುಮೇಣಕ್ಕೆ ಕಪ್ಪು ಬೆರೆಸಿ ಎರಡು ಏರಿಗಳನ್ನು ಕಟ್ಟಿ, ಅದರ ಮೇಲೆ 24 ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ, ಕಿವಿಗೊಟ್ಟು, ಆ ವೀಣೆಯ ಆ ತಂತಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು. ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಗಮಕಕ್ಕಾಗಿ ತಂತಿಯನ್ನು ಎಳೆಯುವ ವಾದ್ಯವಾದ್ದರಿಂದ ಮೆಟ್ಟಿಲಿನ ಎತ್ತರವೂ ನುಡಿಸುವವರ ಬೆರಳಿಗೆ ಒಗ್ಗಬೇಕು. ಕಾಲಕ್ರಮದಲ್ಲಿ ಮೇಣ ಸಡಿಲವಾಗುತ್ತದೆ, ಮೆಟ್ಟಿಲು ಸವೆಯುತ್ತದೆ, ಮತ್ತೆ ಮೇಳ ಕಟ್ಟಿಸಬೇಕು. ಎಂದರೆ ವೀಣೆ ಕೊಂಡವರಿಗೆ ಅದನ್ನು ಬಲ್ಲ ಕೈಯೊಂದು ಬದುಕಿನುದ್ದಕ್ಕೂ ಬೇಕು.

ಇದಕ್ಕೆ ಮೊದಲು ಮರದ ಕೆಲಸ. ಹಲಸಿನ ದಿಮ್ಮಿ ಒಣಗಬೇಕು. ಹಸಿಮರದಲ್ಲಿ ಕೊರೆದ ಕೊಡ ಬಿರುಕು ಬಿಡುತ್ತದೆ. ಒಳಗಿನ ಮರವನ್ನು ಉಳಿಯಿಂದ ತೆಗೆದು ತೆಗೆದು, ಗೋಡೆ ಎಲ್ಲಿ ಎಷ್ಟು ತೆಳುವಾಗಬೇಕೆಂಬುದನ್ನು ಬೆರಳಿನಿಂದ ತಟ್ಟಿ ತಿಳಿಯಬೇಕು. ಆ ಮೇಲೆ ದಂಡಿ, ಯಾಳಿಯ ಮುಖ, ಬಿರಡೆಗಳು, ಕುದುರೆ. ಮುಖ್ಯ ತಂತಿ 4, ತಾಳದ ತಂತಿ 3. ಇದನ್ನು ಭಾನುವಾರ ಕಾರಿನಲ್ಲಿ ಹಾಕಿ ಕಳುಹಿಸಬೇಕಂತೆ!

"ಅವರು ಹೇಳಿದ ದಿನಕ್ಕೆ ಕೊಡುವುದಿಲ್ಲ ಸಾರ್" ಎಂಬ ಆಕ್ಷೇಪವನ್ನು ಬೇರೆಯವರಿಂದಲೂ ಕೇಳಿದ್ದೇನೆ. ಕೊಡದಿರುವುದುಂಟು. ಮರ ಕೊಳ್ಳಲು ಹಣವಿಲ್ಲದವನು, ಇಂದಿನ ಊಟಕ್ಕಾಗಿ ನಿನ್ನೆ ಒಪ್ಪಿದ ಅಂಗಡಿಯ ಕೆಲಸವನ್ನು ಮೊದಲು ಮುಗಿಸುತ್ತಾನೆ. ಅಮೆರಿಕದವನಿಗೆ ನೀವು ಹನ್ನೊಂದು ತಿಂಗಳು ಕೊಟ್ಟಿರಿ, ಅದನ್ನು ‘ಕಾಯುವವರ ಪಟ್ಟಿ’ ಎಂದು ಹೆಮ್ಮೆಯಿಂದ ಹೇಳಿಕೊಂಡಿರಿ. ಇಲ್ಲಿ ಮೂರು ವಾರ ತಡವಾದರೆ ಅದು ಸೋಮಾರಿತನ. ಅಂಗಡಿಯವರನ್ನು ನಾನು ದೂರುತ್ತಿಲ್ಲ. ಕಷ್ಟಕಾಲದಲ್ಲಿ ವೀಣೆ ಕೊಂಡವರು ಅವರೇ, ನಾವಲ್ಲ. ಆದರೆ ಅವರನ್ನು ಬಿಟ್ಟು ನೇರವಾಗಿ ಹೋಗುವವರು ಮಧ್ಯದ ಲಾಭವನ್ನು ಕುಶಲಕರ್ಮಿಗೆ ಮುಟ್ಟಿಸಲು ಹೋಗಬೇಕೇ ಹೊರತು ಅದನ್ನು ತಮ್ಮ ಜೇಬಿಗೆ ಇಳಿಸಿಕೊಳ್ಳಲು ಅಲ್ಲ. ನಾನು ಆಗುವುದಿಲ್ಲ ಎಂದದ್ದು ಈ ಕಾರಣಕ್ಕೇ.

"ಸರಕಾರ ಏನಾದರೂ ಮಾಡಬೇಕು" ಎನ್ನುವವರೂ ಇದ್ದಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ದೇಶೀಯ ವಾದ್ಯಗಳನ್ನು ತೆರಿಗೆಯಿಂದ ಹೊರಗಿಟ್ಟರು. ಪ್ರಶಸ್ತಿ, ಶಾಲುಗಳೂ ಇವೆ. ಆದರೆ ಶಾಲಿನಿಂದ ದಿಮ್ಮಿ ಬರುವುದಿಲ್ಲ. ಗಿರಾಕಿ ಕೊಡುವ ಮುಂಗಡದಿಂದ ಬರುತ್ತದೆ. ಇಪ್ಪತ್ತರ ಹುಡುಗನಿಗೆ ಕಾರ್ಖಾನೆಯಲ್ಲಿ ತಿಂಗಳ ಮೊದಲ ವಾರ ಸಂಬಳ ಸಿಗುವಾಗ, ಯಾರೋ ಬಂದು ಬೆಲೆ ಇಳಿಸಲಿ ಎಂದು ಉಳಿ ಹಿಡಿದು ಕೂರಬೇಕೆಂದು ಅವನ ಅಪ್ಪ ಯಾವ ಬಾಯಿಂದ ಹೇಳಿಯಾನು? ಅವನು ಎದ್ದು ಹೋದರೆ ಇಪ್ಪತ್ತು ವರ್ಷದ ನಂತರ ನಿಮ್ಮ ತಾಯಿಯ ವೀಣೆಗೆ ಮೇಳ ಕಟ್ಟುವವರು ಯಾರು?

ಪುಟ್ಟ ಮಗಳಿಗೆ ಉಕುಲೇಲೆ ಏಕೆ, ವೀಣೆಯನ್ನೇ ಕಲಿಸಬಾರದೇ ಎಂದು ನಾನು ಕೇಳುವುದಿಲ್ಲ. ಏಳು ವರ್ಷದ ಮಗುವಿನ ತೊಡೆಗೆ ಅದೇ ಸರಿ. ವಾದ್ಯ ಯಾವುದಾದರೂ ಸರಿ, ನುಡಿಸಲಿ.

ವೀಣೆ ಬೇಕಾದವರಿಗೆ ಜೊತೆಯಲ್ಲಿ ಬರಲು ನಾನು ಸಿದ್ಧ. ನುಡಿಸುವವರೇ ಬರಬೇಕು, ವೀಣೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೈ ಎಲ್ಲಿಯವರೆಗೆ ಚಾಚುತ್ತದೆಂದು ತೋರಿಸಬೇಕು, ಯಾವ ಶ್ರುತಿಯಲ್ಲಿ ಹಾಡಿಕೊಳ್ಳುತ್ತಾರೆಂದು ಹೇಳಬೇಕು. ಎಡಗೈಯವರಾದರೆ ಮೊದಲೇ ತಿಳಿಸಬೇಕು. ಅವರು ಹೇಳಿದ ಬೆಲೆಯೇ ಬೆಲೆ, ಅರ್ಧ ಅಂದೇ ಕೊಡಬೇಕು, ವಾಯಿದೆಯನ್ನು ಅವರೇ ಹೇಳಲಿ. ಕೊಡದ ಒಳಮೈಗೆ ಹಲಗೆ ಮುಚ್ಚುವ ಮುನ್ನ ಮಾಡಿದವರು ತಮ್ಮ ಹೆಸರು, ಊರು, ಇಸವಿಗಳನ್ನು ಕನ್ನಡದಲ್ಲಿ ಬರೆಯಲಿ ಎಂದು ನೀವೇ ಕೇಳಿ. ಮಂಗಳವಾರ, ಗುರುವಾರ ಬೆಳಿಗ್ಗೆ ನನಗೆ ಬಿಡುವಿರುತ್ತದೆ.