ಊರು ಬಿಟ್ಟ ತಂಡ, ಊರಲ್ಲೇ ಉಳಿದ ತಂಡ

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪಾಟಕೆಟ್, ಹತ್ತಿಗಿರಣಿಗಳಿಂದ ಬೆಳೆದ ಊರು. ಅಲ್ಲಿನ ಮೆಕಾಯ್ ಕ್ರೀಡಾಂಗಣದಲ್ಲಿ 1981ರ ಏಪ್ರಿಲ್ 18ರ ರಾತ್ರಿ ಶುರುವಾದ ಬೇಸ್‌ಬಾಲ್ ಪಂದ್ಯವೊಂದು ಬೆಳಗಿನ ಜಾವ ನಾಲ್ಕು ದಾಟಿದರೂ ಮುಗಿಯಲಿಲ್ಲ. ಒಂಬತ್ತು ಇನ್ನಿಂಗ್ಸ್‌ನ ಆಟ 32 ಇನ್ನಿಂಗ್ಸ್ ನಡೆದರೂ ಸ್ಕೋರು 2–2. ಆಟ ನಿಲ್ಲಿಸಿದಾಗ ಚಳಿಯಲ್ಲಿ ಇನ್ನೂ ಕೂತಿದ್ದವರು 19 ಪ್ರೇಕ್ಷಕರು. ಜೂನ್ 23ರಂದು ಮುಂದುವರಿಸಿದಾಗ ಹದಿನೆಂಟೇ ನಿಮಿಷದಲ್ಲಿ ಪಾಟಕೆಟ್ ಗೆದ್ದಿತು. ವೃತ್ತಿಪರ ಬೇಸ್‌ಬಾಲ್‌ನ ಅತಿ ದೀರ್ಘ ಪಂದ್ಯ ಇಂದಿಗೂ ಅದೇ.

ಆ ತಂಡ 2021ರಿಂದ ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ನಲ್ಲಿ ಆಡುತ್ತಿದೆ. ಮೆಕಾಯ್ ಕ್ರೀಡಾಂಗಣವನ್ನು ಕೆಡವಿದ್ದಾರೆ. ‘ಇದರಲ್ಲಿ ಅಳುವುದೇನಿದೆ? ತಂಡವೂ ಒಂದು ವ್ಯಾಪಾರ, ಲಾಭ ಇದ್ದಲ್ಲಿಗೆ ಹೋಗುತ್ತದೆ’ ಎನ್ನುವವರಿದ್ದಾರೆ. ಬುದ್ಧಿವಂತರ ಮಾತಿನಂತೆ ಕೇಳಿಸುತ್ತದೆ. ಆದರೆ ಲೆಕ್ಕಕ್ಕೆ ಕೂತರೆ ನಿಲ್ಲುವುದಿಲ್ಲ.

ವ್ಯಾಪಾರವಾದರೆ ಅಂಗಡಿ ಕಟ್ಟುವ ಖರ್ಚು ವ್ಯಾಪಾರಿಯದ್ದಾಗಬೇಕಲ್ಲವೇ? 1942ರಲ್ಲಿ ಜೌಗು ನೆಲದ ಮೇಲೆ ಮೆಕಾಯ್ ಎದ್ದದ್ದು ಸಾರ್ವಜನಿಕ ಹಣದಿಂದ. 1977ರಲ್ಲಿ ದಿವಾಳಿಯಾಗಿದ್ದ ತಂಡವನ್ನು ಬೆನ್ ಮಾಂಡರ್ ಕೊಂಡು, 2010ರಲ್ಲಿ ತಾನು ಸಾಯುವವರೆಗೂ ಆ ಊರಲ್ಲೇ ಉಳಿಸಿಕೊಂಡ. 2015ರಲ್ಲಿ ಬಂದ ಹೊಸ ಮಾಲೀಕರು ಸಾರ್ವಜನಿಕ ಹಣದ ನೆರವಿನ ಹೊಸ ಕ್ರೀಡಾಂಗಣ ಕೇಳಿದರು. ವಿಡಿಯೊ ಗೇಮ್ ಕಂಪನಿಯೊಂದಕ್ಕೆ ಏಳೂವರೆ ಕೋಟಿ ಡಾಲರ್ ಸಾಲದ ಖಾತರಿ ಕೊಟ್ಟು ಆಗಷ್ಟೇ ಕೈ ಸುಟ್ಟುಕೊಂಡಿದ್ದ ರಾಜ್ಯ ಹಿಂದೆಮುಂದೆ ನೋಡಿತು. ಅಷ್ಟರಲ್ಲಿ ವೂಸ್ಟರ್ ತನ್ನ ಖಜಾನೆ ತೆರೆಯಿತು. ಅಲ್ಲಿ ಎದ್ದ ಕ್ರೀಡಾಂಗಣದ ವೆಚ್ಚ 15 ಕೋಟಿ ಡಾಲರ್ ದಾಟಿತು. ಹೀಗೆ ಖರ್ಚಿನ ಹೊತ್ತಿಗೆ ತಂಡ ಊರಿನದ್ದು, ಹೊರಡುವ ಹೊತ್ತಿಗೆ ಮಾಲೀಕರದ್ದು. ಎರಡು ಊರುಗಳನ್ನು ಹರಾಜಿಗೆ ನಿಲ್ಲಿಸುವುದಕ್ಕೆ ಮಾರುಕಟ್ಟೆಯ ನಿಯಮ ಎಂದು ಹೆಸರಿಡುವುದು ಬೇಡ.

‘ಬೇರೆ ದಾರಿ ಇರಲಿಲ್ಲ’ ಎಂಬ ಮಾತಿಗೆ ಉತ್ತರ ಆ ದೀರ್ಘ ಪಂದ್ಯದಲ್ಲೇ ಇದೆ. ಅಂದು ಸೋತ ಎದುರಾಳಿ, ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ರೆಡ್ ವಿಂಗ್ಸ್. 1957ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಈ ತಂಡದ ಕೈಬಿಟ್ಟಾಗ ಮಾರಿ ಸಿಲ್ವರ್ ಎಂಬ ಸ್ಥಳೀಯ ಉದ್ಯಮಿಯ ಮುಂದಾಳತ್ವದಲ್ಲಿ ಊರಿನವರು ಷೇರು ಕೊಂಡರು. ಒಬ್ಬಿಬ್ಬರಲ್ಲ, 8,000ಕ್ಕೂ ಹೆಚ್ಚು ಜನ. 1929ರ ಹಳೆಯ ಕ್ರೀಡಾಂಗಣಕ್ಕೆ ಮುಂದೆ ಸಿಲ್ವರ್ ಹೆಸರೇ ಬಂತು. ಅದೂ ಹಳತಾಯಿತು. 1997ರಲ್ಲಿ ತಂಡ ಸಾರ್ವಜನಿಕ ಹಣದಲ್ಲೇ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಆದರೆ ಅದೇ ಊರಿನೊಳಗೆ. ಷೇರುದಾರರೇ ಪ್ರೇಕ್ಷಕರಾಗಿರುವಾಗ ತಂಡವನ್ನು ಬೇರೆ ಊರಿಗೆ ಸಾಗಿಸುವುದು ಸುಲಭವಲ್ಲ.

ಆದ್ದರಿಂದ ನನ್ನ ತಕರಾರು ಹಳೆಯ ಕಟ್ಟಡ ಬಿದ್ದದ್ದಕ್ಕಲ್ಲ. ಮೆಕಾಯ್ ಇದ್ದ ಜಾಗಕ್ಕೆ ಶಾಲೆ ಬರುತ್ತದೆ, ಬರಲಿ. ಅಲ್ಲಿ ಆಟಗಾರರ ಅಂಕಣ ಪ್ರೇಕ್ಷಕರ ಸಾಲಿನ ಕೆಳಗಿತ್ತು; ಮಕ್ಕಳು ಹಾಲಿನ ಕ್ಯಾನು ಕತ್ತರಿಸಿ, ಅದರಲ್ಲಿ ಚೆಂಡು, ಪೆನ್ನು ಇಟ್ಟು ಹಗ್ಗದಲ್ಲಿ ಇಳಿಬಿಟ್ಟು ಹಸ್ತಾಕ್ಷರ ಪಡೆಯುತ್ತಿದ್ದರು. ಆ ಮಕ್ಕಳಿಗೆ, ನಾಲ್ಕು ಗಂಟೆಯವರೆಗೆ ಚಳಿಯಲ್ಲಿ ಕೂತ ಆ ಹತ್ತೊಂಬತ್ತು ಜನರಿಗೆ, ತಂಡ ಹೊರಟಾಗ ಒಂದು ಮತವೂ ಇರಲಿಲ್ಲ. ಸಾಂಕ್ರಾಮಿಕದಿಂದ 2020ರ ಋತುವೇ ರದ್ದಾಗಿ, ಬೀಳ್ಕೊಡುವ ಆಟವೂ ಅವರಿಗೆ ಸಿಗಲಿಲ್ಲ. ಇನ್ನು ಮುಂದೆ ಯಾವುದೇ ಊರು ತಂಡಕ್ಕೆ ಹಣ ಕೊಡುವ ಮೊದಲು ಷೇರು ಕೇಳಲಿ. ಷೇರು ಕೊಡದ ಮಾಲೀಕರು ತಮ್ಮ ಕ್ರೀಡಾಂಗಣವನ್ನು ತಮ್ಮ ದುಡ್ಡಿನಲ್ಲೇ ಕಟ್ಟಿಕೊಳ್ಳಲಿ.